ಕಮ್ಮಟ ಮಾಡೋಣ ಅಂತಿದ್ದೀರಾ? ಮೊದಲು ಅನುಮಾನದ ಲೆಕ್ಕ ಹಾಕಿ

ಹೊಸದೊಂದು ಕಾದಂಬರಿ ಶುರು ಮಾಡಬೇಕು ಅನ್ನುವವರೂ, ತೋಟದ ಮನೆಯಲ್ಲಿ ನಾಲ್ಕು ಜನ ಬರೆಯುವವರನ್ನು ಕೂಡಿಸಿ ಎರಡು ದಿನದ ಕಮ್ಮಟ ನಡೆಸಬೇಕು ಅನ್ನುವವರೂ ಕೊನೆಗೆ ಬಂದು ನಿಲ್ಲುವುದು ಒಂದೇ ಮಾತಿಗೆ: 'ನನ್ನಿಂದಾಗುತ್ತಾ?' ಇದಕ್ಕೆ ಸ್ನೇಹಿತರು ಕೊಡುವ ಉತ್ತರವೂ ಒಂದೇ: 'ಆಗುತ್ತೆ ಬಿಡಿ ಸಾರ್, ನೀವು ಮಾಡಿ.' ಈ ಉತ್ತರದಿಂದ ಯಾರಿಗಾದರೂ ಉಪಯೋಗವಾದದ್ದನ್ನು ನಾನು ಕಂಡಿಲ್ಲ. ಹೇಳಿದವರು ಕಾಫಿ ಕುಡಿದು ಎದ್ದು ಹೋಗುತ್ತಾರೆ, ಪ್ರಶ್ನೆ ಮಾತ್ರ ಕೂತಲ್ಲೇ ಕೂತಿರುತ್ತದೆ.

ನಾನಿದನ್ನು ಬರೆಯುತ್ತಿರುವುದು ನಂದಗುಡಿಯಲ್ಲಿ. ಹೊಸಕೋಟೆ ತಾಲ್ಲೂಕಿನ ಐದು ಹೋಬಳಿಗಳಲ್ಲಿ ಒಂದು, ಚಿಂತಾಮಣಿ ರಸ್ತೆಯ ಮೇಲಿನ ಊರು. ಸುತ್ತ ರಾಗಿ, ಹಿಪ್ಪುನೇರಳೆ, ತರಕಾರಿ, ಸೀಮೆಹಸು, ಅಲ್ಲಲ್ಲಿ ನೀಲಗಿರಿ ತೋಪು. ಬೆಂಗಳೂರು ಹತ್ತಿರವಾದ್ದರಿಂದ ಗುಂಟೆ ಲೆಕ್ಕದಲ್ಲಿ ಜಾಗ ತೆಗೆದುಕೊಂಡು ಸಣ್ಣ ಮನೆ ಕಟ್ಟಿಕೊಂಡವರು ಈ ಕಡೆ ಹೆಚ್ಚುತ್ತಿದ್ದಾರೆ. ಅವರಲ್ಲಿ ನಿವೃತ್ತ ಮೇಷ್ಟ್ರುಗಳು, ಬ್ಯಾಂಕಿನವರು, ಕಂಪ್ಯೂಟರ್ ಕೆಲಸ ಬಿಟ್ಟವರು, ಬರೆಯುವವರು ಎಲ್ಲರೂ ಇದ್ದಾರೆ. ಮನೆ ಮುಗಿದು ವರ್ಷ ಕಳೆಯುವುದರೊಳಗೆ ಬರೆಯುವವರ ತಲೆಯಲ್ಲಿ ಕಮ್ಮಟದ ಆಸೆ ಹುಟ್ಟುತ್ತದೆ; ಅದರ ಬೆನ್ನಿಗೇ ಅನುಮಾನವೂ ಹುಟ್ಟುತ್ತದೆ. ಅಂಥವರಿಗಾಗಿ ಈ ಬರಹ.

ನನ್ನ ಲೆಕ್ಕದಲ್ಲಿ ಬರೆಯುವವರ ಅನುಮಾನದಲ್ಲಿ ಎರಡು ಜಾತಿ. ಒಂದು ಬರಹದ್ದು, ಇನ್ನೊಂದು ದುಡ್ಡು, ನೀರು, ಜನ, ಜಾಗದ್ದು. ರಾತ್ರಿ ಎರಡು ಗಂಟೆಗೆ ಎಚ್ಚರವಾದಾಗ ಇವೆರಡೂ ಕಲೆಸಿಕೊಂಡು ಒಂದೇ ಆಗಿ ಬಂದು ಎದೆ ಮೇಲೆ ಕೂರುತ್ತವೆ. 'ಕಮ್ಮಟಕ್ಕೆ ಯಾರೂ ಬರಲ್ಲ' ಅನ್ನುವುದೂ 'ನಾನು ಬರಹಗಾರನೇ ಅಲ್ಲ' ಅನ್ನುವುದೂ ಆಗ ಒಂದೇ ಮಾತಿನಂತೆ ಕೇಳಿಸುತ್ತದೆ. ಬೆಳಗ್ಗೆ ಎದ್ದು ಬಿಡಿಸಿ ನೋಡಿದರೆ ಎರಡಕ್ಕೂ ಸಂಬಂಧವೇ ಇಲ್ಲ. ಕಮ್ಮಟದ ಅನುಮಾನ ಕಾಗದದ ಮೇಲೆ ಅರ್ಧ ಗಂಟೆಯಲ್ಲಿ ಬಗೆಹರಿಯುತ್ತದೆ. ಬರಹದ್ದು ಬಗೆಹರಿಯುವುದಿಲ್ಲ, ಬಗೆಹರಿಯಬೇಕಾದ ಅಗತ್ಯವೂ ಇಲ್ಲ.

ಬರಹದ ಅನುಮಾನ

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಎಡಪುಟಕ್ಕೆ ಬರಹ, ಬಲಪುಟಕ್ಕೆ ಲೆಕ್ಕ. ಮನಸ್ಸಿಗೆ ಬಂದ ಅನುಮಾನವನ್ನು ಅದರದರ ಪುಟದಲ್ಲಿ ಪೂರ್ತಿ ವಾಕ್ಯವಾಗಿ ಬರೆಯಿರಿ. ಎಡಪುಟದಲ್ಲಿ 'ನನಗೆ ಕಾದಂಬರಿ ಬರೆಯೋಕೆ ಬರಲ್ಲ' ಎಂದು ಬರೆದಿದ್ದರೆ ಅದಕ್ಕೆ ಅನುಮಾನ ಅನ್ನಲಾಗದು, ನಿಮ್ಮನ್ನು ನೀವೇ ಬೈದುಕೊಂಡದ್ದು ಅಷ್ಟೆ. ಬೈಗುಳಕ್ಕೆ ಉತ್ತರ ಕೊಡಲು ಆಗುವುದಿಲ್ಲ. ಅದು ಪ್ರಶ್ನೆಯಾಗುವವರೆಗೆ ತಿದ್ದಿ. 'ಮೂವತ್ತು ವರ್ಷದ ಸಂಸಾರವನ್ನು ಒಬ್ಬಳೇ ಹೆಂಗಸಿನ ಬಾಯಲ್ಲಿ ಹೇಳಿಸಿದರೆ ಓದುವವರಿಗೆ ಬೇಸರವಾಗುತ್ತದೆಯೇ?' ಎಂಬಲ್ಲಿಗೆ ಬಂದರೆ ಕೆಲಸಕ್ಕೆ ದಾರಿಯಾಯಿತು. ಇದಕ್ಕೆ ಉತ್ತರ ಯೋಚನೆಯಿಂದ ಸಿಗದು. ಒಂದು ಅಧ್ಯಾಯ ಬರೆದು, ಮೂರು ಜನಕ್ಕೆ ಓದಿ ತೋರಿಸಿದರೆ ಸಿಗುತ್ತದೆ.

ಓದುವವರನ್ನು ಆರಿಸುವಾಗ ಸ್ವಲ್ಪ ಹುಷಾರು. ಒಬ್ಬರು ಬರೆಯುವವರಿರಲಿ, ಒಬ್ಬರು ಬರೀ ಓದುವವರಿರಲಿ, ಮೂರನೆಯವರು ನಿಮ್ಮ ಕತೆಯ ಕಸುಬು ಗೊತ್ತಿರುವವರಿರಲಿ. ರೇಷ್ಮೆ ಮಾರುಕಟ್ಟೆಯ ಕತೆ ಬರೆದಿದ್ದರೆ ಗೂಡು ಮಾರಲು ಹೋಗುವವರೊಬ್ಬರಿಗೆ ಓದಿ. ಅವರು ಶೈಲಿಯ ಬಗ್ಗೆ ತುಟಿ ಬಿಚ್ಚುವುದಿಲ್ಲ. 'ಹರಾಜಲ್ಲಿ ಯಾರೂ ಹಂಗೆ ಮಾತಾಡಲ್ಲ ಸ್ವಾಮಿ' ಎನ್ನುತ್ತಾರೆ. ಆ ಒಂದು ಮಾತು ಹತ್ತು ವಿಮರ್ಶೆಗೆ ಸಮ.

ದೊಡ್ಡವರ ಹೆಸರು ಹೇಳಿ ಧೈರ್ಯ ತುಂಬುವುದು ನನಗೆ ಅಷ್ಟಾಗಿ ಸೇರದು. ಆದರೂ ಅವರು ಕೆಲಸ ಮಾಡಿದ ಕ್ರಮವನ್ನು ನೋಡಿದರೆ ಕಲಿಯುವುದು ಸಿಗುತ್ತದೆ. ನಮ್ಮ ಪಕ್ಕದ ಮಾಲೂರು ತಾಲ್ಲೂಕಿನವರೇ ಆದ ಮಾಸ್ತಿಯವರನ್ನು ತೆಗೆದುಕೊಳ್ಳಿ. ಹುಟ್ಟಿದ್ದು 1891ರಲ್ಲಿ, ಮೊದಲ ಕಥಾಸಂಕಲನ ಬಂದದ್ದು 1920ರಲ್ಲಿ. ನಡುವಯಸ್ಸು ಪೂರ್ತಿ ಸರ್ಕಾರಿ ಕೆಲಸ. ಅದಕ್ಕೆ ರಾಜೀನಾಮೆ ಕೊಟ್ಟ ಮೇಲೆ 'ಜೀವನ' ಪತ್ರಿಕೆಯ ಹೊಣೆ ಹೊತ್ತರು. 'ಚಿಕವೀರ ರಾಜೇಂದ್ರ' ಪ್ರಕಟವಾದದ್ದು 1956ರಲ್ಲಿ, ಅಂದರೆ ಅವರಿಗೆ ಅರವತ್ತೈದಾದಾಗ. ಅವರಿಗೆ ಬಂದದ್ದು 1983ರ ಜ್ಞಾನಪೀಠ. 'ಈ ವಯಸ್ಸಲ್ಲಿ ಹೊಸ ಕಾದಂಬರಿಯಾ?' ಎಂದು ಎಡಪುಟದಲ್ಲಿ ಬರೆದುಕೊಂಡಿರುವ ನಿವೃತ್ತರು ಈ ಇಸವಿಗಳನ್ನು ಅದರ ಕೆಳಗೇ ಬರೆದಿಟ್ಟುಕೊಳ್ಳಬಹುದು.

ದಾರಿ ಬದಲಿಸುವ ಅನುಮಾನ ಇನ್ನೊಂದು ತರಹದ್ದು. ಒಂದು ಬಗೆಯ ಬರಹಕ್ಕೆ ಹೆಸರಾದ ಮೇಲೆ ಬೇರೆ ಬಗೆಗೆ ಕೈ ಹಾಕಿದರೆ ಇದ್ದ ಓದುಗರೂ ಹೋದಾರು ಎಂಬ ಹೆದರಿಕೆ. ತೇಜಸ್ವಿ 1973ರ 'ಅಬಚೂರಿನ ಪೋಸ್ಟಾಫೀಸು' ಸಂಕಲನದ ಮುನ್ನುಡಿಯಲ್ಲೇ ನವ್ಯದ ಹಾದಿ ತನಗೆ ಸಾಕಾಯಿತು ಎಂದು ಸಾರಿ ಹೊರಟರು. ಆಮೇಲೆ ಅವರು ಕಾಡು, ಹಕ್ಕಿ, ಫೋಟೊ, ಶಿಕಾರಿ ಕತೆಗಳ ಅನುವಾದ ಎಂದು ಸುತ್ತಿದ ದಾರಿ ಎಲ್ಲರಿಗೂ ಗೊತ್ತು. ಗಮನಿಸಬೇಕಾದ್ದೇನೆಂದರೆ, ಅವರು ಮುನ್ನುಡಿಯೊಂದನ್ನೇ ಪ್ರಕಟಿಸಿ ಸುಮ್ಮನಾಗಲಿಲ್ಲ; ಅದರ ಹಿಂದೆಯೇ ಕತೆಗಳಿದ್ದವು. ನಮ್ಮಲ್ಲಿ ಮುನ್ನುಡಿ ಮನಸ್ಸಿನಲ್ಲೇ ಬರೆದು ಮುಗಿಸಿ, ಕತೆಯನ್ನು ಮುಂದಿನ ವರ್ಷಕ್ಕೆ ಇಟ್ಟವರೇ ಹೆಚ್ಚು.

2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದ ಬಾನು ಮುಷ್ತಾಕ್ ಅವರ 'ಹಾರ್ಟ್ ಲ್ಯಾಂಪ್' ಪುಸ್ತಕದಲ್ಲಿರುವುದು ಹನ್ನೆರಡು ಕತೆ. ಮೂರು ದಶಕಕ್ಕೂ ಹೆಚ್ಚು ಕಾಲ ಹಾಸನದಲ್ಲಿ ವಕೀಲಿಕೆ, ಹೋರಾಟ, ಮನೆಯ ನಡುವೆ ಬರೆದದ್ದರಿಂದ ದೀಪಾ ಭಾಸ್ತಿ ಆರಿಸಿ ಇಂಗ್ಲಿಷಿಗೆ ತಂದದ್ದು. ಬರೆಯುವ ಹೊತ್ತಿನಲ್ಲಿ ಆ ಹನ್ನೆರಡು ಯಾವುವು ಎಂದು ಯಾರಿಗೂ ಗೊತ್ತಿರಲಿಲ್ಲ. ಹಾಗಾಗಿ 'ಇದು ನಿಲ್ಲುವ ಕತೆಯಾ?' ಎಂಬ ಪ್ರಶ್ನೆಯನ್ನು ನೋಟ್‌ಬುಕ್ಕಿನಲ್ಲಿ ಬರೆದು, ಪಕ್ಕದಲ್ಲಿ 'ನನ್ನ ಕೆಲಸವಲ್ಲ' ಎಂದು ಗೀಚಿ ಮುಂದೆ ಹೋಗಿ.

ನಡೆಸುವವರಿಗೆ ಏನು ಯೋಗ್ಯತೆ ಬೇಕು?

ಕಮ್ಮಟದ ವಿಷಯಕ್ಕೆ ಬಂದರೆ ಎಡಪುಟದ ಮೊದಲ ಸಾಲು ಸಾಮಾನ್ಯವಾಗಿ ಹೀಗಿರುತ್ತದೆ: 'ನಾನೇ ಎರಡು ಪುಸ್ತಕ ಬರೆದವನು, ಇನ್ನೊಬ್ಬರಿಗೆ ಏನು ಕಲಿಸಲಿ?' ಕಮ್ಮಟ ನಡೆಸುವುದೆಂದರೆ ಪಾಠ ಹೇಳುವುದು ಎಂದುಕೊಂಡಿದ್ದರಿಂದ ಬಂದ ಅನುಮಾನ ಇದು. ಜಾಗ, ಊಟ, ಹೊತ್ತು, ಶಿಸ್ತು, ಇಷ್ಟನ್ನು ಹೊಂದಿಸಿಕೊಡುವವರು ಆತಿಥೇಯರು. ಕಲಿಸಲು ಬೇಕಾದರೆ ಅನುಭವಿಯೊಬ್ಬರನ್ನು ಕರೆಯಿರಿ.

ಧಾರವಾಡದ ಸುಭಾಸ ರಸ್ತೆಯಲ್ಲಿರುವ, ಪ್ರಕಾಶನ ಸಂಸ್ಥೆ ಮನೋಹರ ಗ್ರಂಥಮಾಲೆಯ ಅಟ್ಟದ ಹೆಸರು ಕೇಳಿರುತ್ತೀರಿ. 1933ರಲ್ಲಿ ಶುರುವಾದ ಈ ಗ್ರಂಥಮಾಲೆಯ ಜಿ.ಬಿ. ಜೋಶಿಯವರು ಸ್ವತಃ ನಾಟಕ ಬರೆದವರು ನಿಜ, ಆದರೆ ಅಟ್ಟಕ್ಕೆ ಜನ ಬರುತ್ತಿದ್ದುದು ಅವರ ಉಪನ್ಯಾಸ ಕೇಳಲಲ್ಲ. ಅಲ್ಲಿ ಕೂತು ಮಾತಾಡಬಹುದಿತ್ತು, ಓದಬಹುದಿತ್ತು, ಜಗಳವಾಡಬಹುದಿತ್ತು. ವಿಮರ್ಶಕ ಕುರ್ತಕೋಟಿಯವರಂಥ ಓದುಗರು ಎದುರಿಗಿರುತ್ತಿದ್ದರು. ಇಂಗ್ಲಿಷ್ ಕವಿಯಾಗಬೇಕೆಂದಿದ್ದ ತರುಣ ಗಿರೀಶ ಕಾರ್ನಾಡರ ಮೊದಲ ನಾಟಕ 'ಯಯಾತಿ' 1961ರಲ್ಲಿ ಹೊರಬಂದದ್ದು ಈ ಗ್ರಂಥಮಾಲೆಯಿಂದ. ಜೋಶಿಯವರಿಂದ ಕಲಿಯಬೇಕಾದ ಇನ್ನೊಂದು ಜಾಣತನ: ಗ್ರಂಥಮಾಲೆ ನಿಂತದ್ದು ಚಂದಾದಾರರ ಮೇಲೆ. ಪುಸ್ತಕ ಅಚ್ಚಾಗುವ ಮೊದಲೇ ಓದುಗರು ಗೊತ್ತಿರುತ್ತಿದ್ದರು. ಈ ಮಾತು ಬಲಪುಟದ ಲೆಕ್ಕಕ್ಕೆ ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ.

ಹೆಗ್ಗೋಡಿನ ನೀನಾಸಂ ನೋಡಿ ಬಂದವರಿಗೆ ಅಂಥದ್ದೇ ಒಂದನ್ನು ಕಟ್ಟುವ ಉಮೇದು ಹತ್ತುತ್ತದೆ. ಅಲ್ಲಿನ ಇಸವಿಗಳನ್ನು ಒಮ್ಮೆ ಸಾಲಾಗಿ ಬರೆದುಕೊಳ್ಳಿ. ಊರವರ ಹವ್ಯಾಸಿ ನಾಟಕ ಸಂಘ ಹುಟ್ಟಿದ್ದು 1949ರಲ್ಲಿ. ರಂಗಶಿಕ್ಷಣ ಕೇಂದ್ರ 1980ರಲ್ಲಿ. ಊರೂರಿಗೆ ನಾಟಕ ಒಯ್ಯುವ ತಿರುಗಾಟ 1985ರಲ್ಲಿ. ಅದನ್ನು ಕಟ್ಟಿದ ಕೆ.ವಿ. ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ 1991ರಲ್ಲಿ. ಸಂಘಕ್ಕೂ ಶಾಲೆಗೂ ನಡುವೆ ಮೂವತ್ತೊಂದು ವರ್ಷ. ನಾವು ಇಂದು ದೇಶದ ನಾನಾ ಕಡೆಯಿಂದ ಜನ ಬರುವ ಸಂಸ್ಕೃತಿ ಶಿಬಿರವನ್ನು ನೋಡಿ ಬಂದು, ನಮ್ಮ ಮನೆಯ ಎರಡು ರೂಮಿನ ಜೊತೆ ಹೋಲಿಸಿಕೊಂಡು ಕುಗ್ಗುತ್ತೇವೆ. ಹೋಲಿಸಲೇಬೇಕು ಅಂದರೆ 1949ರ ಹೆಗ್ಗೋಡಿನ ಜೊತೆ ಹೋಲಿಸಿ.

ಇನ್ನೊಂದು ಮಾದರಿ ನಮ್ಮ ಬೆಂಗಳೂರಿನ ಅಂಚಿನಲ್ಲೇ ಇತ್ತು. 2008ರಲ್ಲಿ ಪುದುಚೇರಿ ಬಳಿ ಶುರುವಾದ ಸಂಗಂ ಹೌಸ್ ಎಂಬ ಬರಹಗಾರರ ವಸತಿ ಕಾರ್ಯಕ್ರಮ ಮುಂದೆ ಹೆಸರಘಟ್ಟದ ನೃತ್ಯಗ್ರಾಮಕ್ಕೆ ಬಂತು. ಅಲ್ಲಿ ಪಾಠವಿರಲಿಲ್ಲ, ಗುಂಪು ಚರ್ಚೆಯ ಕಡ್ಡಾಯವಿರಲಿಲ್ಲ. ಆಯ್ಕೆಯಾದವರಿಗೆ ಕೋಣೆ, ಊಟ, ಬರೆಯಲು ಹೊತ್ತು. ನೃತ್ಯಗ್ರಾಮ ತನ್ನ ಪಾಡಿಗೆ ನೃತ್ಯ ಮಾಡಿಕೊಂಡಿರುತ್ತಿತ್ತು. ಹೊಸದಾಗಿ ಶುರು ಮಾಡುವವರಿಗೆ ಇದೇ ಸುಲಭ ಎಂದು ನನಗನ್ನಿಸುತ್ತದೆ: ಒಬ್ಬರನ್ನೋ ಇಬ್ಬರನ್ನೋ ಕರೆದು, ನಾಲ್ಕು ದಿನ ಇಟ್ಟುಕೊಂಡು, ಹೊತ್ತಿಗೆ ಮುದ್ದೆ ಸಾರು ಹಾಕಿ, ಮಾತಾಡಿಸದೆ ಬಿಡುವುದು. ಕನ್ನಡದ ಬರಹಗಾರರಿಗೆ ಭಾಷಣಕ್ಕಿಂತ ಇದರ ಅಗತ್ಯ ಹೆಚ್ಚು. ಮಾತಾಡಿಸದೆ ಬಿಡುವುದು ಆತಿಥೇಯರಿಗೆ ಬಹಳ ಕಷ್ಟ ಅನ್ನುವುದು ಬೇರೆ ವಿಷಯ.

ಊರಿಗೆ ಹೇಳಿ, ಆಮೇಲೆ ಕರೆಯಿರಿ

ಕಮ್ಮಟಕ್ಕೆ ಮೊದಲು ಊರವರಿಗೆ ತಿಳಿಸುವುದನ್ನು ನಂದಗುಡಿ ಸುತ್ತ ಮರೆಯುವಂತಿಲ್ಲ. 2000ರ ದಶಕದ ಕೊನೆಯ ಭಾಗದಲ್ಲಿ ವಿಶೇಷ ಆರ್ಥಿಕ ವಲಯಕ್ಕೆಂದು ಇಲ್ಲಿ ಸುಮಾರು 12 ಸಾವಿರ ಎಕರೆ ಕೇಳಿದ್ದರು; ರೈತರು ಬೀದಿಗಿಳಿದು ವಿರೋಧಿಸಿದರು. ಅಂಥ ಕಡೆ ಒಂದು ಶನಿವಾರ ಬೆಂಗಳೂರು ನೋಂದಣಿಯ ನಾಲ್ಕೈದು ಕಾರು ಬಂದು ನಿಂತು, ಇಳಿದವರು ಕೈಯಲ್ಲಿ ನೋಟ್‌ಬುಕ್ ಹಿಡಿದು ಬದುವಿನ ಮೇಲೆ ಓಡಾಡಿದರೆ ಊರವರು ಏನೆಂದುಕೊಳ್ಳಬೇಕು? ಲೇಔಟ್‌ನವರು ಅಂತಲೋ ಸರ್ವೆಯವರು ಅಂತಲೋ ಸುದ್ದಿ ಹಬ್ಬುತ್ತದೆ. ಹಾಗಾಗಿ ಹಿಂದಿನ ವಾರವೇ ಅಕ್ಕಪಕ್ಕದ ಜಮೀನಿನವರಿಗೆ, ಪಂಚಾಯಿತಿ ಸದಸ್ಯರಿಗೆ ಬಾಯಿಮಾತಿನಲ್ಲಿ ಹೇಳಿ: ಇಷ್ಟು ಜನ ಬರುತ್ತಾರೆ, ಕತೆ ಬರೆಯುತ್ತಾರೆ, ಭಾನುವಾರ ಹೋಗುತ್ತಾರೆ.

ನಮ್ಮ ಕಡೆಯ ಅಡುಗೆಯಮ್ಮ ಒಬ್ಬರು ಇದನ್ನು ಕೇಳಿ, 'ಬರೆಯೋಕೆ ಇಷ್ಟು ಜನ ಒಟ್ಟಿಗೆ ಯಾಕ್ ಬೇಕ್ರಪ್ಪಾ? ಒಬ್ಬೊಬ್ರೇ ಕೂತು ಬರೀಬಾರ್ದಾ?' ಎಂದಿದ್ದರು. ಕಮ್ಮಟ ಮಾಡಬೇಕೆನ್ನುವ ಎಲ್ಲರೂ ಮೊದಲು ಉತ್ತರ ಹೇಳಬೇಕಾದ ಪ್ರಶ್ನೆ ಅದು. ನಿಮ್ಮ ಉತ್ತರ 'ಕೇಳುವವರು ಬೇಕು, ಅದಕ್ಕೆ' ಎಂದಾದರೆ ಕಮ್ಮಟ ಮಾಡಿ. 'ಸುಮ್ಮನೆ ಜೊತೆಗಿರಲಿಕ್ಕೆ' ಎಂದಾದರೆ ಪಿಕ್‌ನಿಕ್ ಮಾಡಿ, ಖರ್ಚು ಕಡಿಮೆ.

ಜಾಗಕ್ಕೆ ಸ್ವಂತ ಮನೆಯೇ ಆಗಬೇಕಿಲ್ಲ. ಒಂದು ದಿನದ ಕೂಟಕ್ಕೆ ಗ್ರಾಮ ಪಂಚಾಯಿತಿ ಗ್ರಂಥಾಲಯ, ಅಂದರೆ ಈಗಿನ ಅರಿವು ಕೇಂದ್ರ, ಸಾಕು. ಗ್ರಂಥಪಾಲಕರನ್ನೂ ಪಿಡಿಒ ಅವರನ್ನೂ ಕೇಳಿ. ರಜೆಯ ದಿನ ಶಾಲೆಯ ಕೊಠಡಿ ಕೇಳಬಹುದು. ಸಾಹಿತ್ಯ ಪರಿಷತ್ತಿನ ತಾಲ್ಲೂಕು, ಹೋಬಳಿ ಘಟಕದವರನ್ನು ಜೊತೆಗೆ ಸೇರಿಸಿಕೊಂಡರೆ ಜಾಗ ಸಿಗುವುದು ಸುಲಭ. ಆದರೆ ಉದ್ಘಾಟನೆ, ಶಾಲು, ಹಾರ, ವೇದಿಕೆ ತುಂಬ ಕುರ್ಚಿಗಳೂ ಜೊತೆಗೇ ಬರುವ ಅಪಾಯವಿದೆ. ಮೊದಲೇ ನಯವಾಗಿ ಮಾತಾಡಿಕೊಳ್ಳಿ.

ಶುಲ್ಕ ತೆಗೆದುಕೊಂಡು ತೋಟದ ಮನೆಯಲ್ಲಿ ಮೇಲಿಂದ ಮೇಲೆ ಜನರನ್ನು ಉಳಿಸಿಕೊಳ್ಳುವ ಯೋಚನೆಯಿದ್ದರೆ ಕಾನೂನೂ ನೋಡಿಕೊಳ್ಳಬೇಕು. ಕೃಷಿ ಜಮೀನನ್ನು ಬೇರೆ ಉದ್ದೇಶಕ್ಕೆ ಬಳಸಲು ಭೂಪರಿವರ್ತನೆ ಬೇಕು, ಹೋಂಸ್ಟೇ ಆಗಿ ನಡೆಸುವುದಾದರೆ ಪ್ರವಾಸೋದ್ಯಮ ಇಲಾಖೆಯ ನೋಂದಣಿ ಬೇಕು. ವರ್ಷಕ್ಕೊಮ್ಮೆ ಹತ್ತು ಜನ ಸ್ನೇಹಿತರು ಖರ್ಚು ಹಂಚಿಕೊಂಡು ಕೂರುವುದು ಬೇರೆ, ವ್ಯವಹಾರ ಬೇರೆ. ಮೈಕ್ ಬೇಡವೇ ಬೇಡ. ಹತ್ತು ಜನಕ್ಕೆ ಕೇಳಿಸದ ಕತೆ ಮೈಕಿನಲ್ಲೂ ಕೇಳಿಸುವುದಿಲ್ಲ.

ತಿಂಗಳು ಯಾವುದು? ಡಿಸೆಂಬರ್–ಜನವರಿ ಎಂದು ಎಲ್ಲರೂ ಹೇಳುತ್ತಾರೆ. ಚಳಿ, ಅವರೆಕಾಯಿ ಕಾಲ, ಹಿದುಕಿದ ಬೇಳೆ ಸಾರು, ರಾಗಿ ಕೊಯ್ಲು ಮುಗಿದ ಹೊಲ, ಎಲ್ಲ ಸರಿ. ನನ್ನ ಸಲಹೆ ಆಷಾಢ. ಮದುವೆಗಳಿಲ್ಲ, ಅಡುಗೆಯವರು ಸಿಗುತ್ತಾರೆ, ಶಾಮಿಯಾನದ ಅಂಗಡಿಯವರು ಹಾಸಿಗೆ ದಿಂಬು ಕಡಿಮೆಗೆ ಕೊಡುತ್ತಾರೆ, ಬರುವವರಿಗೂ 'ಅವತ್ತು ನಮ್ಮ ಭಾವಮೈದುನನ ಗೃಹಪ್ರವೇಶ' ಎಂಬ ತಡೆ ಇರುವುದಿಲ್ಲ. ದೀಪಾವಳಿ ವಿಶೇಷಾಂಕಗಳ ಕಥಾಸ್ಪರ್ಧೆಗೆ ಕಳಿಸುವವರಿಗೆ ತಿದ್ದಲು ಹೊತ್ತೂ ಉಳಿಯುತ್ತದೆ. ಏಪ್ರಿಲ್–ಮೇ ಮಾತ್ರ ಬೇಡ. ಈ ಭಾಗದ ಕೊಳವೆಬಾವಿಗಳು ಸಾವಿರ ಅಡಿ ದಾಟಿವೆ. ಬೇಸಿಗೆಯಲ್ಲಿ ಹತ್ತು ಜನ ಸ್ನಾನ ಮಾಡುವ ಹೊತ್ತಿಗೆ ಮನೆಯವರ ಮುಖ ನೋಡಲಾಗುವುದಿಲ್ಲ.

ಬಲಪುಟದ ಲೆಕ್ಕ

'ಯಾರೂ ಬರದಿದ್ದರೆ?' ಎಂಬುದು ಬಲಪುಟದ ದೊಡ್ಡ ಭೂತ. ಅದನ್ನು ರೂಪಾಯಿಗೆ ಇಳಿಸೋಣ. ದರಗಳು ಊರಿಂದೂರಿಗೆ ಹೆಚ್ಚುಕಡಿಮೆಯಾಗುತ್ತವೆ. ಇದು ಲೆಕ್ಕ ಹಾಕುವ ರೀತಿಗೆ ಒಂದು ಉದಾಹರಣೆ.

ಎಂಟು ಜನ ಶಿಬಿರಾರ್ಥಿಗಳು, ಒಬ್ಬರು ಅತಿಥಿ, ನೀವು: ಒಟ್ಟು ಹತ್ತು ಜನ, ಎರಡು ದಿನ. ಊಟ, ತಿಂಡಿ, ಕಾಫಿಗೆ ತಲೆಗೆ ದಿನಕ್ಕೆ ₹400 ಎಂದಿಟ್ಟುಕೊಂಡರೆ ₹8,000. ಅಡುಗೆಗೆ ಇಬ್ಬರು, ದಿನಕ್ಕೆ ₹1,000ದಂತೆ ₹4,000. ಹಾಸಿಗೆ, ದಿಂಬು, ಹೊದಿಕೆ ಬಾಡಿಗೆ ತಲೆಗೆ ₹150ರಂತೆ ₹1,500. ನೀರಿನ ಟ್ಯಾಂಕರ್ ₹1,000. ಜೆರಾಕ್ಸ್, ಕಾಗದ ₹1,000. ಅತಿಥಿಗೆ ಗೌರವಧನ ₹5,000, ಅವರ ಓಡಾಟಕ್ಕೆ ₹2,000. ಶೌಚಾಲಯ ಶುಚಿ, ಸೋಪು, ಹೆಚ್ಚುವರಿ ಬಲ್ಬು ₹500. ಎಲ್ಲ ಸೇರಿ ₹23,000. ಎಂಟರಿಂದ ಭಾಗಿಸಿದರೆ ₹2,875. ಶುಲ್ಕ ₹2,900 ಎಂದಿಡಿ.

ಕೊನೆ ಗಳಿಗೆಯಲ್ಲಿ ಇಬ್ಬರು ಕೈಕೊಟ್ಟರು ಅನ್ನಿ. ಕೊಡುವುದಂತೂ ಖಂಡಿತ, ಮಗುವಿಗೆ ಜ್ವರ ಬರುತ್ತದೆ, ಆಫೀಸಿನಲ್ಲಿ ಆಡಿಟ್ ಬರುತ್ತದೆ. ಅವರ ಊಟದ ₹1,600, ಹಾಸಿಗೆಯ ₹300 ಉಳಿಯಿತು. ಮಿಕ್ಕ ಖರ್ಚು ಹಾಗೇ ಇರುತ್ತದೆ. ಖರ್ಚು ₹21,100. ಆರು ಜನರಿಂದ ಬಂದದ್ದು ₹17,400. ನಿಮ್ಮ ಕೈಯಿಂದ ಹೋಗುವುದು ₹3,700. ಎಲ್ಲರಿಂದ ₹1,000 ಮುಂಗಡ ಪಡೆದು, ಬರದಿದ್ದರೆ ವಾಪಸಿಲ್ಲ ಎಂದು ಮೊದಲೇ ಹೇಳಿದ್ದರೆ ನಷ್ಟ ₹1,700ಕ್ಕೆ ಇಳಿಯುತ್ತದೆ. ಇಷ್ಟು ದಿನ ನಿದ್ದೆ ಕೆಡಿಸಿದ ಭೂತದ ತೂಕ ಸಾವಿರದ ಏಳುನೂರು ರೂಪಾಯಿ. ಇದನ್ನು ಕಳೆದುಕೊಳ್ಳಲು ಸಾಧ್ಯವೇ ಎಂದು ಮನೆಯಲ್ಲಿ ಕೂತು ಮಾತಾಡಿ. ಸಾಧ್ಯವಿಲ್ಲ ಎಂದಾದರೆ ಅತಿಥಿಯನ್ನು ಕೈಬಿಟ್ಟು ನೀವುನೀವೇ ಸೇರಿ. ಖರ್ಚಿನ ಕಾಲುಭಾಗಕ್ಕೂ ಹೆಚ್ಚು ಅಲ್ಲೇ ಉಳಿಯುತ್ತದೆ.

ಜೋಶಿಯವರ ಚಂದಾ ಪದ್ಧತಿ ಇಲ್ಲಿ ಕೆಲಸಕ್ಕೆ ಬರುತ್ತದೆ. ಮೊದಲು ಆರು ಜನ ಹೆಸರು ಕೊಟ್ಟು ಮುಂಗಡ ಕಳಿಸಲಿ, ಆಮೇಲೆ ದಿನ ಗೊತ್ತು ಮಾಡಿ, ಆಮೇಲೆ ಅತಿಥಿಯನ್ನು ಕರೆಯಿರಿ. ನಮ್ಮಲ್ಲಿ ನಡೆಯುವುದು ಉಲ್ಟಾ: ಮೊದಲು ಪೋಸ್ಟರ್, ಆಮೇಲೆ ಅತಿಥಿ, ಕೊನೆಗೆ ಶಿಬಿರಾರ್ಥಿಗಳಿಗಾಗಿ ಹುಡುಕಾಟ.

ಇಬ್ಬರು ವಿದ್ಯಾರ್ಥಿಗಳನ್ನು ಪುಕ್ಕಟೆ ಕರೆಯುವ ಆಸೆಯಿದ್ದರೆ ಅದನ್ನೂ ಮೊದಲೇ ಲೆಕ್ಕಕ್ಕೆ ಹಾಕಿ, ಉಳಿದವರಿಗೂ ತಿಳಿಸಿ. ಅಂಥ ಹುಡುಗ ಹುಡುಗಿಯರಿಗೆ ಮುಂದಿನ ದಾರಿಯನ್ನೂ ತೋರಿಸಬಹುದು: ಚೊಚ್ಚಲ ಕೃತಿಗೆ ಕನ್ನಡ ಪುಸ್ತಕ ಪ್ರಾಧಿಕಾರ ಕೊಡುವ ಸಹಾಯಧನ, ಮೊದಲ ಕಥಾಸಂಕಲನದ ಹಸ್ತಪ್ರತಿಗೆ ಛಂದ ಪುಸ್ತಕ ಬಹುಮಾನ, ಯುವ ಬರಹಗಾರರಿಗೆ ಟೋಟೋ ಪುರಸ್ಕಾರ. ಆಯಾ ವರ್ಷದ ಪ್ರಕಟಣೆ ನೋಡಿ ವಯಸ್ಸು, ಕೊನೆಯ ದಿನ ಖಚಿತಪಡಿಸಿಕೊಳ್ಳಿ.

ಹೆಣ್ಣುಮಕ್ಕಳು ಬರುವಂತೆ

ಶಿಬಿರಕ್ಕೆ ಹೆಂಗಸರು ಬರಲಿಲ್ಲ ಎಂದು ಪೇಚಾಡುವವರು ಮೊದಲು ತಮ್ಮ ಬಚ್ಚಲುಮನೆಯ ಚಿಲಕ ನೋಡಲಿ. ಚಿಲಕ ಭದ್ರವಾಗಿ ಬೀಳುತ್ತದೆಯೇ, ಒಳಗೆ ಬಟ್ಟೆ ಹಾಕಲು ಮೊಳೆ ಇದೆಯೇ, ಮುಚ್ಚಳವಿರುವ ಕಸದ ಬುಟ್ಟಿ ಇದೆಯೇ, ಮಲಗುವ ಕೋಣೆಯಿಂದ ಅಲ್ಲಿಗೆ ಹೋಗುವ ದಾರಿಯಲ್ಲಿ ದೀಪವಿದೆಯೇ? ತೋಟದ ಮನೆಯೆಂದರೆ ಹಾವು ಹುಪ್ಪಟೆ ಇದ್ದದ್ದೇ, ತಲೆಗೊಂದು ಟಾರ್ಚ್ ಇರಲಿ. ಆತಿಥೇಯರಲ್ಲಿ ಒಬ್ಬರಾದರೂ ಹೆಂಗಸಿರಬೇಕು. ಆಹ್ವಾನದಲ್ಲಿ ಅವರ ಹೆಸರೂ ಫೋನ್ ನಂಬರೂ ಇರಬೇಕು. 'ಮನೇಲಿ ಕೇಳಿ ಹೇಳ್ತೀನಿ ಮೇಡಂ' ಅನ್ನುವವರ ಅತ್ತೆಯೋ ಗಂಡನೋ ಫೋನ್ ಮಾಡಿದಾಗ ಬೇಸರಿಸದೆ ಮಾತಾಡಬೇಕು. ರಾತ್ರಿ ಉಳಿಯಲು ಆಗದವರಿಗೆ ಬೆಳಗ್ಗೆ ಬಂದು ಸಂಜೆ ಹೋಗುವ ಅವಕಾಶವಿರಲಿ, ಹೊಸಕೋಟೆ ಬಸ್ ನಿಲ್ದಾಣದವರೆಗೆ ಬಿಡಲು ಗಾಡಿ ಇರಲಿ. ಚಿಕ್ಕ ಮಕ್ಕಳನ್ನು ಕರೆತಂದರೆ ನೋಡಿಕೊಳ್ಳಲು ಊರಿನ ಕಾಲೇಜು ಹುಡುಗಿಯೊಬ್ಬಳಿಗೆ ದುಡ್ಡು ಕೊಟ್ಟು ಹೇಳಿ. ಕರ್ನಾಟಕ ಲೇಖಕಿಯರ ಸಂಘ 1979ರಿಂದ ಕೆಲಸ ಮಾಡುತ್ತಿದೆ. ಅಂಥ ಕಡೆ ಓಡಾಡಿದ ಅನುಭವವಿರುವವರನ್ನು ಕೇಳಿದರೆ ನಮಗೆ ಹೊಳೆಯದ ಇನ್ನೂ ಹತ್ತು ವಿಷಯ ಹೇಳುತ್ತಾರೆ.

ಓದುವ ಹೊತ್ತು

ದಿನಚರಿ ಬಿಗಿಯಾಗಿರಲಿ, ಆದರೆ ತೆಳ್ಳಗಿರಲಿ. ಬೆಳಗ್ಗೆ ಆರಕ್ಕೆ ಕಾಫಿ, ಆರೂವರೆಯಿಂದ ಎಂಟೂವರೆ ಬರವಣಿಗೆ, ಆ ಹೊತ್ತಿನಲ್ಲಿ ಮಾತೂ ಇಲ್ಲ ಫೋನೂ ಇಲ್ಲ. ತಿಂಡಿಯ ನಂತರ ಮತ್ತೆ ಬರವಣಿಗೆ. ಮಧ್ಯಾಹ್ನ ಮುದ್ದೆ ಉಂಡವರಿಗೆ ನಿದ್ದೆ ಬೇಡ ಅನ್ನಬಾರದು. ಓದು ಸಂಜೆಗೆ.

ಓದುವವರು ಹತ್ತು ನಿಮಿಷ ಓದುತ್ತಾರೆ, ಉಳಿದವರ ಕೈಯಲ್ಲಿ ಜೆರಾಕ್ಸ್ ಪ್ರತಿ ಇರುತ್ತದೆ. ಮುಗಿದ ಮೇಲೆ ಸ್ವಲ್ಪ ಹೊತ್ತು ಯಾರೂ ಬಾಯಿ ಬಿಡುವಂತಿಲ್ಲ. ಆಮೇಲೆ ಒಬ್ಬೊಬ್ಬರೂ ಎರಡೇ ವಿಷಯ ಹೇಳಬೇಕು: ಎಲ್ಲಿ ಕಿವಿ ನೆಟ್ಟಿತು, ಎಲ್ಲಿ ತಪ್ಪಿತು. 'ಚೆನ್ನಾಗಿದೆ' ಅನ್ನುವಂತಿಲ್ಲ. ಬರೆದವರು ಸಮಜಾಯಿಷಿ ಕೊಡುವಂತಿಲ್ಲ.

ಇದು ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಒಂದು ಸಂಜೆ ಹೇಳುತ್ತೇನೆ. ಪ್ರೈಮರಿ ಶಾಲೆಯ ಮೇಡಂ ಒಬ್ಬರು ರೇಷ್ಮೆಹುಳು ಸಾಕುವ ಮನೆಯ ಕತೆ ಓದಿದರು. ನಾಲ್ಕನೇ ಜ್ವರದಿಂದ, ಅಂದರೆ ಕೊನೆಯ ಪೊರೆ ಕಳಚಿ, ಎದ್ದ ಹುಳುಗಳು ಸೊಪ್ಪು ತಿನ್ನುವ ಸದ್ದು ಕತ್ತಲಲ್ಲಿ ಸೋನೆ ಮಳೆಯ ಹಾಗೆ ಕೇಳುತ್ತಿರುತ್ತದೆ. ಸೊಸೆ ರಾತ್ರಿ ಎದ್ದು ಸೊಪ್ಪು ಹಾಕಿ, ಸೀರೆಗೆ ಕೈ ಒರೆಸಿ, ಮತ್ತೆ ಮಲಗಲು ಹೋದರೆ ಗಂಡ ಗೊರಕೆ ಹೊಡೆಯುತ್ತಿರುತ್ತಾನೆ. ಅದಾದ ಮೇಲೆ ಒಂದು ಪ್ಯಾರಾ: ಹೆಣ್ಣಿನ ಬಾಳೂ ಹೀಗೇ, ನೂಲು ಕೊಟ್ಟು ಬೇಯುವುದು, ಇತ್ಯಾದಿ. ಕೇಳಿದವರೆಲ್ಲ ಒಬ್ಬರಾದ ಮೇಲೊಬ್ಬರು ಅದೇ ಪ್ಯಾರಾದ ಪಕ್ಕ ಪೆನ್ಸಿಲಿನಿಂದ ಗೆರೆ ಎಳೆದಿದ್ದರು. ಮೇಡಂಗೆ ತಡೆಯಲಾಗಲಿಲ್ಲ, 'ಅದೇ ಕತೆಯ ಅರ್ಥ ಅಲ್ವಾ ಸಾರ್?' ಅಂದರು. ಮೂಲೆಯಲ್ಲಿ ಕೂತಿದ್ದ ರೇಷ್ಮೆ ಬೆಳೆಯುವ ಹಿರಿಯರು ಹೇಳಿದರು: 'ಅರ್ಥ ಆ ಸೊಪ್ಪಿನ ಸದ್ದಲ್ಲೇ ಆಯ್ತಮ್ಮ, ನಾನಾಗ್ಲೇ ಎದ್ದು ನಮ್ಮ ಹುಳುಮನೆಗೆ ಹೋಗ್ಬುಟ್ಟಿದ್ದೆ.' ಮೇಡಂ ಆ ಪ್ಯಾರಾದ ಮೇಲೆ ಅಡ್ಡಗೆರೆ ಎಳೆದರು. 'ನನಗೆ ಬರೆಯೋಕೆ ಬರುತ್ತಾ?' ಎಂಬ ಅವರ ದೊಡ್ಡ ಅನುಮಾನ 'ಈ ಐದು ಸಾಲು ಬೇಕಾ?' ಎಂಬ ಸಣ್ಣ ಪ್ರಶ್ನೆಗೆ ಇಳಿದದ್ದು ಹೀಗೆ.

'ಓದಿದರೆ ಕತೆ ಕದಿಯುತ್ತಾರೆ' ಎಂಬ ಅಳುಕು ಹೊಸಬರಲ್ಲಿ ಇರುತ್ತದೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಬರೆದ ಕ್ಷಣದಿಂದಲೇ ಬರಹ ಬರೆದವರದು, ನೋಂದಣಿ ಕಡ್ಡಾಯವಿಲ್ಲ. ಬರೀ ಬಾಯಲ್ಲಿ ಹೇಳಿದ ಐಡಿಯಾಕ್ಕೆ ಆ ರಕ್ಷಣೆ ಇಲ್ಲ. ಆದ್ದರಿಂದ ಶಿಬಿರದಲ್ಲಿ 'ನನ್ನ ತಲೆಯಲ್ಲಿ ಒಂದು ಕತೆ ಇದೆ' ಎಂದು ಹೇಳಿಕೊಳ್ಳುವುದಕ್ಕಿಂತ ಬರೆದು ಓದುವುದು ಎಲ್ಲ ರೀತಿಯಿಂದಲೂ ಕ್ಷೇಮ. ಓದಿದ್ದನ್ನು ರೆಕಾರ್ಡ್ ಮಾಡುವಂತಿಲ್ಲ, ಬರೆದವರು ಒಪ್ಪದೆ ವಾಟ್ಸ್ಆ್ಯಪ್‌ಗೆ ಹಾಕುವಂತಿಲ್ಲ, ಜೆರಾಕ್ಸ್ ಪ್ರತಿ ವಾಪಸ್ ಕೊಟ್ಟೇ ಏಳಬೇಕು.

ಮುಗಿದ ವಾರದೊಳಗೆ ಖರ್ಚಿನ ಲೆಕ್ಕವನ್ನು ಬಿಲ್ ಸಮೇತ ಎಲ್ಲರಿಗೂ ಕಳಿಸಿ. ಉಳಿದಿದ್ದರೆ ಹೇಳಿ, ಕೈಯಿಂದ ಹೋಗಿದ್ದರೂ ಹೇಳಿ. ಲೆಕ್ಕ ಮುಚ್ಚಿಡುವ ಕಡೆ ಎರಡನೇ ಸಲ ಜನ ಬರುವುದಿಲ್ಲ.

ಇನ್ನೊಂದು ವಿಷಯ ಹೇಳದೆ ಬಿಟ್ಟರೆ ಈ ಲೇಖನ ಅರ್ಧ. ಕಮ್ಮಟ ನಡೆಸುವುದು ಒಂದು ಅಮಲು. ಜನ ಫೋನ್ ಮಾಡುತ್ತಾರೆ, ಫೋಟೊ ಬರುತ್ತದೆ, ಪೇಪರಿನ ಜಿಲ್ಲಾ ಪುಟದಲ್ಲಿ ನಾಲ್ಕು ಸಾಲು ಬರುತ್ತದೆ. ಅರ್ಧಕ್ಕೆ ನಿಂತ ಕಾದಂಬರಿಯಿಂದ ತಪ್ಪಿಸಿಕೊಳ್ಳಲು ಇದಕ್ಕಿಂತ ಮರ್ಯಾದಸ್ಥ ದಾರಿ ಇನ್ನೊಂದಿಲ್ಲ. ಹೀಗೆ ಒಳ್ಳೆಯ ಸಂಘಟಕರಾಗಿ, ಬರೆಯುವುದನ್ನು ಮರೆತವರು ಪ್ರತಿ ತಾಲ್ಲೂಕಿನಲ್ಲೂ ಇದ್ದಾರೆ. ಹಾಗಾಗಿ ಆತಿಥೇಯರೂ ಬೆಳಗಿನ ಆ ಎರಡು ಗಂಟೆ ಎಲ್ಲರ ಜೊತೆ ಕೂತು ಬರೆಯಬೇಕು. ಟ್ಯಾಂಕರ್‌ನವನು ಬಂದರೂ ಅಡುಗೆಯವರು ಕೂಗಿದರೂ ಇನ್ನೊಬ್ಬರು ಎದ್ದು ಹೋಗುವಂತೆ ಮೊದಲೇ ಗೊತ್ತು ಮಾಡಿಕೊಳ್ಳಬೇಕು. ಸಂಜೆ ತಮ್ಮ ಸರದಿ ಬಂದಾಗ ಓದಲೂಬೇಕು. ಮೂರು ತಿಂಗಳ ನಂತರ ನೋಟ್‌ಬುಕ್ಕಿನ ಎಡಪುಟ ತೆಗೆದು ನೋಡಿ. ಬರಹದ ಪ್ರಶ್ನೆ ಒಂದೂ ಜರುಗದೆ ಅಲ್ಲೇ ಇದ್ದರೆ ಮುಂದಿನ ಕಮ್ಮಟ ಆರು ತಿಂಗಳು ಮುಂದಕ್ಕೆ ಹಾಕಿ. ಮುಂಗಡ ತೆಗೆದುಕೊಂಡಿದ್ದರೆ ಅವತ್ತೇ ಯುಪಿಐಯಲ್ಲಿ ವಾಪಸ್ ಕಳಿಸಿ, ಕಾರಣ ಕೇಳಿದವರಿಗೆ ಕಾದಂಬರಿ ಬರೆಯುತ್ತಿದ್ದೇನೆ ಎಂದು ಹೇಳಿ.